ಲಗ್ನಪತ್ರಿಕೆಯ ಲೆಕ್ಕ

(ರೈತರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹರೂಪ)



ಬೆಲೆಯ ವಿಷಯ ಮಾತಾಡೋಕೆ ಸೇರಿರುವ ಸಭೆಯಲ್ಲಿ ಈ ಮನುಷ್ಯ ಲಗ್ನಪತ್ರಿಕೆಯ ಮಾತು ಯಾಕೆ ತೆಗೆದ ಅಂತ ನಿಮಗೆ ಅನ್ನಿಸಬಹುದು. ರಾಗಿಗೆ ಬೆಲೆ ಇಲ್ಲ, ಟೊಮ್ಯಾಟೊ ರಸ್ತೆಗೆ ಸುರೀತಿದ್ದೀವಿ, ಬ್ಯಾಂಕಿನವರು ನೋಟೀಸು ಕೊಟ್ಟಿದ್ದಾರೆ, ಇದರ ನಡುವೆ ಬಣ್ಣದ ಕಾರ್ಡಿನ ಕಥೆ ಏನು ಅಂತ. ಸ್ವಲ್ಪ ತಾಳ್ಮೆಯಿಂದ ಕೇಳಿ. ನಮ್ಮ ಮನೆಯ ಸಾಲದ ಕಥೆ ಶುರುವಾದದ್ದು ಬ್ಯಾಂಕಿನಲ್ಲಲ್ಲ, ಸಾಹುಕಾರನ ಜಗುಲಿಯಲ್ಲೂ ಅಲ್ಲ. ತಾಲ್ಲೂಕು ಪಟ್ಟಣದ ಒಂದು ಅಚ್ಚುಕೂಟದ ಕಟ್ಟೆಯ ಮೇಲೆ. ಅದನ್ನೇ ಹೇಳೋಕೆ ನಿಂತಿದ್ದೇನೆ.

ಈ ವಿಷಯ ಮಾತಾಡೋಕೆ ನನಗೆ ಇನ್ನೊಂದು ಅಧಿಕಾರವೂ ಉಂಟು. 1983ರಿಂದ ಎಂಟು ವರ್ಷ ನಾನು ಒಂದು ಪ್ರೆಸ್ಸಿನಲ್ಲಿ ಮೊಳೆ ಜೋಡಿಸುವ ಕೆಲಸ ಮಾಡಿದವನು. ಆಮೇಲೆ ಅಪ್ಪನ ಕಾಲು ಬಿದ್ದುಹೋಗಿ, ನೇಗಿಲು ಹಿಡಿಯೋರಿಲ್ಲದೆ ಊರಿಗೆ ವಾಪಸ್ಸು ಬಂದೆ. ಆ ಎಂಟು ವರ್ಷದಲ್ಲಿ ಸುತ್ತಮುತ್ತಲ ಹಳ್ಳಿಗಳ ಎಷ್ಟು ಮದುವೆಯ ಕಾರ್ಡು ನನ್ನ ಬೆರಳಿನ ಮೂಲಕ ಹೋಯಿತೋ ಲೆಕ್ಕ ಇಟ್ಟಿಲ್ಲ. ಮಾಘ ಫಾಲ್ಗುಣ ಬಂತೆಂದರೆ ನಮಗೆ ಊಟಕ್ಕೂ ಬಿಡುವಿರುತ್ತಿರಲಿಲ್ಲ.

ಮೊದಲು ಹಳೆಯ ಕಾಲದ ಮಾತು ಹೇಳಿಬಿಡ್ತೇನೆ. ನಮ್ಮ ಅಜ್ಜನ ಕಾಲದಲ್ಲಿ ಲಗ್ನಪತ್ರಿಕೆ ಅಂದರೆ ಒಂದೇ ಒಂದು ಹಾಳೆ. ವೀಳ್ಯಶಾಸ್ತ್ರದ ದಿನ ಎರಡೂ ಕಡೆ ಹಿರಿಯರ ಎದುರಿಗೆ ಪುರೋಹಿತರು ಬರೆದು, ನಾಲ್ಕು ಮೂಲೆಗೆ ಅರಿಶಿನ ಹಚ್ಚಿ, ಎಲೆ ಅಡಿಕೆಯ ಜೊತೆ ಕೊಡುತ್ತಿದ್ದ ಕಾಗದ. ಅದು ಜನರನ್ನು ಕರೆಯುವ ಕಾಗದವೇ ಅಲ್ಲ. ಮಾತು ನಿಂತಿದೆ, ಇಂಥ ದಿನ ಇಂಥ ಲಗ್ನ ಅನ್ನುವ ಒಪ್ಪಂದದ ಪತ್ರ. ಜನರನ್ನು ಕರೆಯೋಕೆ ಬಾಯಿತ್ತು, ಕಾಲಿತ್ತು. ಮನೆಯ ಹೆಣ್ಣುಮಕ್ಕಳು ಕುಂಕುಮದ ಬಟ್ಟಲು ಹಿಡಿದು ಮನೆ ಮನೆಗೆ ಹೋಗುತ್ತಿದ್ದರು. ಕರೆಯುವುದರಲ್ಲೂ ಲೆಕ್ಕ ಇತ್ತು. ಕೆಲವರಿಗೆ 'ಮನೆಗೊಬ್ಬರು ಬನ್ನಿ' ಅಂತ. ಹತ್ತಿರದವರಿಗೆ 'ಅವತ್ತು ಒಲೆ ಹಚ್ಚಬೇಡಿ, ಎಲ್ಲರೂ ನಮ್ಮಲ್ಲೇ' ಅಂತ. ಕರೆದು ಬರುವ ಹೊತ್ತಿಗೆ ಎಷ್ಟು ಎಲೆ ಬೀಳುತ್ತದೆ ಅನ್ನೋದು ಮನೆಯ ಹೆಂಗಸರಿಗೆ ಬಾಯಿಪಾಠ ಆಗಿರುತ್ತಿತ್ತು. ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳುವ ಅಗತ್ಯವೇ ಇರಲಿಲ್ಲ.

ಆಮೇಲೆ ಅಚ್ಚು ಬಂತು. ನಾನು ಕೆಲಸಕ್ಕೆ ಸೇರಿದಾಗ ಕಾಲಿನಲ್ಲಿ ತುಳಿಯುವ ಟ್ರೆಡಲ್ ಯಂತ್ರ. ಕನ್ನಡದ ಒತ್ತಕ್ಷರಗಳನ್ನೆಲ್ಲ ಕೇಸಿನ ಮನೆಗಳಿಂದ ಒಂದೊಂದಾಗಿ ಆರಿಸಿ ಜೋಡಿಸಬೇಕು. ಮದುವೆ ಕಾರ್ಡಿಗೆ ಅಷ್ಟು ತಾಪತ್ರಯ ಇರಲಿಲ್ಲ. ಯಾಕೆ ಗೊತ್ತೆ? ಒಕ್ಕಣೆ ಎಲ್ಲರಿಗೂ ಒಂದೇ. ಅದನ್ನು ಜೋಡಿಸಿ, ದಾರ ಸುತ್ತಿ, ಕಟ್ಟಿ ಇಟ್ಟುಬಿಡುತ್ತಿದ್ದೆವು. ಗಿರಾಕಿ ಬಂದರೆ ಹೆಸರು, ತಾರೀಖು, ಊರು ಬದಲಾಯಿಸಿ ಯಂತ್ರಕ್ಕೆ ಏರಿಸೋದು. ಮೇಲೆ ಗಣಪತಿಯ ಬ್ಲಾಕು, ಕೆಳಗೆ 'ಸುಖಾಗಮನಾಭಿಲಾಷಿಗಳು'. ನಡುವೆ ಎಲ್ಲರಿಗೂ ಅದೇ ಸಾಲು: ತಾವುಗಳು ಸಕುಟುಂಬ ಪರಿವಾರ ಸಮೇತರಾಗಿ, ಇಷ್ಟಮಿತ್ರ ಬಂಧುಬಾಂಧವರೊಡನೆ ಆಗಮಿಸಿ ವಧೂವರರನ್ನು ಆಶೀರ್ವದಿಸಬೇಕಾಗಿ ವಿನಂತಿ.

ಈ ಸಾಲನ್ನು ಒಂದು ಸಲ ನಿಧಾನವಾಗಿ ಓದಿ ನೋಡಿ. ಯಾರು ಬರೆದದ್ದು ಅದು? ನೀವಲ್ಲ. ಮೂರೆಕರೆ ಖುಷ್ಕಿ ಇಟ್ಟುಕೊಂಡಿರುವ ಮನುಷ್ಯ, ಬರೋರು ತಮ್ಮ ಕುಟುಂಬ, ಪರಿವಾರ, ಅಷ್ಟು ಸಾಲದು ಅಂತ ಅವರ ಸ್ನೇಹಿತರನ್ನೂ ನೆಂಟರನ್ನೂ ಕರೆದುಕೊಂಡು ಬರಲಿ ಅಂತ ಸಹಿ ಹಾಕಿ ಕೊಟ್ಟಹಾಗೆ ಆಯಿತು. ಪರಿವಾರ ಅನ್ನೋದು ಅರಮನೆಯ ಮಾತು. ಅದು ದಾರ ಸುತ್ತಿ ಕಟ್ಟಿಟ್ಟ ಮೊಳೆಗಳಿಂದ ನಮ್ಮ ಮನೆಗೆ ಬಂದು ಕೂತಿದೆ. ಮೊಳೆ ಹೋಗಿ ಆಫ್‌ಸೆಟ್ ಬಂತು, ಕಂಪ್ಯೂಟರಿನಲ್ಲಿ ಕನ್ನಡ ಬಂತು. ಸಾಲು ಮಾತ್ರ ಅದೇ ಇದೆ.

ಈಗ ಪ್ರೆಸ್ಸಿನವರ ಒಂದು ಗುಟ್ಟು ಹೇಳ್ತೀನಿ. ಗುಟ್ಟು ಅಂದರೆ ಮೋಸ ಅಲ್ಲ, ಆ ಕಸುಬಿನ ಸ್ವಭಾವವೇ ಅದು. ಅಕ್ಷರ ಜೋಡಿಸೋದು, ಪ್ರೂಫು ತಿದ್ದೋದು, ಯಂತ್ರಕ್ಕೆ ಏರಿಸಿ ಮಸಿ ಸರಿಮಾಡೋದು, ಈ ಕೂಲಿ ನೂರು ಕಾರ್ಡಿಗೂ ಅಷ್ಟೇ, ಸಾವಿರಕ್ಕೂ ಅಷ್ಟೇ. ಆದ್ದರಿಂದ ಮೊದಲ ನೂರು ದುಬಾರಿ, ಆಮೇಲಿನ ನೂರುಗಳು ಅಗ್ಗ. ಶಿವಕಾಶಿಯಿಂದಲೋ ಬೆಂಗಳೂರಿನ ಚಿಕ್ಕಪೇಟೆಯಿಂದಲೋ ತಂದ ಸಿದ್ಧ ಕಾರ್ಡಾದರೆ ಖಾಲಿ ಕಾರ್ಡಿನ ಬೆಲೆಯೊಂದು ಬೀಳುತ್ತೆ, ಅಚ್ಚಿನ ಕೂಲಿ ಹೆಚ್ಚಾಗೋದಿಲ್ಲ. ಹಾಗಾಗಿ ಪ್ರೆಸ್ಸಿನ ಯಜಮಾನ ಕೇಳೇ ಕೇಳ್ತಾನೆ: 'ಗೌಡ್ರೇ, ಏಳ್ನೂರಕ್ಕೆ ಯಾಕೆ ನಿಲ್ಲಿಸ್ತೀರಿ? ಇನ್ನೈನೂರು ಹಾಕಿಸಿಬಿಡಿ, ಕೈ ತಡೆದರೆ ಮತ್ತೆ ಹಾಕಿಸೋಕಾಗಲ್ಲ, ನಾಲ್ಕು ಕಾಸು ಹೆಚ್ಚು ಅಷ್ಟೇ.' ನಾನೇ ಹತ್ತಾರು ಜನಕ್ಕೆ ಈ ಮಾತು ಹೇಳಿದ್ದೀನಿ. ಸುಳ್ಳೂ ಅಲ್ಲ ಅದು. ಅಚ್ಚಿನ ಮನೆಯಲ್ಲಿ ಕೊನೆಯ ಐನೂರು ಕಾರ್ಡು ನಿಜವಾಗಿಯೂ ಅಗ್ಗ. ದುಬಾರಿಯಾಗೋದು ಅಡುಗೆ ಮನೆಯಲ್ಲಿ.

2012ರಲ್ಲಿ ನನ್ನ ದೊಡ್ಡ ಮಗಳ ಮದುವೆ. ಮನೆಯಲ್ಲಿ ಕೂತು ಬರೆದ ಪಟ್ಟಿ ಏಳ್ನೂರು. ಪ್ರೆಸ್ಸಿಗೆ ಹೋದೆ. ಹಳೆಯ ಕಸುಬು, ಗೊತ್ತಿದ್ದ ಜನ, ಕಾಫಿ ತರಿಸಿಕೊಟ್ಟರು. ಕಾರ್ಡಿಗೆ ಹನ್ನೊಂದು ರೂಪಾಯಿಯ ಹಾಗೆ ಏಳ್ನೂರಕ್ಕೆ 7,700 ಆಯಿತು. ಆಮೇಲೆ ನಾನು ಬೇರೆಯವರಿಗೆ ಹೇಳುತ್ತಿದ್ದ ಅದೇ ಮಾತನ್ನು ನನಗೇ ಹೇಳಿದರು. ಇನ್ನೈನೂರಕ್ಕೆ ಎಂಟು ರೂಪಾಯಿಯ ಹಾಗೆ ನಾಲ್ಕು ಸಾವಿರ. ಎಲ್ಲ ಬಲ್ಲವನು ನಾನು, ಹೂಂ ಅಂದುಬಿಟ್ಟೆ. ಕಟ್ಟು ಮನೆಗೆ ಬಂತು. ಮನೆಯಲ್ಲಿ ಕಾರ್ಡು ಮಿಕ್ಕಿದ್ದರೆ ಸುಮ್ಮನೆ ಇಡೋಕೆ ಮನಸ್ಸು ಬರುತ್ತದೆಯೆ? ಸಂತೆಯಲ್ಲಿ ಸಿಕ್ಕವರಿಗೆ ಕೊಟ್ಟೆ. ಬಸ್ಸಿನಲ್ಲಿ ಪಕ್ಕ ಕೂತವರಿಗೆ ಕೊಟ್ಟೆ. ಮಂಡಿಯವನಿಗೆ, ಗೊಬ್ಬರದಂಗಡಿಯವನಿಗೆ, ಅವರ ಗುಮಾಸ್ತರಿಗೆ ಕೊಟ್ಟೆ. ಅವರ ತಪ್ಪೇನೂ ಇಲ್ಲ. ಕರೆದೆ, ಬಂದರು, ಹರಸಿದರು, ಉಂಡರು.

ನಾವು ಅಂದುಕೊಂಡಿದ್ದು ಎರಡು ಸಾವಿರ ಎಲೆ. ಬಿದ್ದಿದ್ದು ಮೂರು ಸಾವಿರ. ಅಡುಗೆಯವರ ಲೆಕ್ಕ ಎಲೆಗೆ ತೊಂಬತ್ತು ರೂಪಾಯಿ. ಹೆಚ್ಚುವರಿ ಸಾವಿರ ಎಲೆಗೆ ತೊಂಬತ್ತು ಸಾವಿರ. ಪ್ರೆಸ್ಸಿನಲ್ಲಿ ನಾಲ್ಕು ಸಾವಿರಕ್ಕೆ ಸಿಕ್ಕ ಅಗ್ಗದ ಸರಕು ಮನೆಗೆ ಬರುವಷ್ಟರಲ್ಲಿ ತೊಂಬತ್ನಾಲ್ಕು ಸಾವಿರ ಆಗಿತ್ತು. ಎರಡನೇ ಪಂಕ್ತಿ ನಡೆಯುವಾಗಲೇ ಅಕ್ಕಿ ಮುಗಿಯಿತು ಅಂತ ನನ್ನ ತಮ್ಮ ಸೈಕಲ್ಲು ತೆಗೆದುಕೊಂಡು ಓಡಿದ. ಮಗಳ ಧಾರೆಯ ಹೊತ್ತಿನಲ್ಲಿ ನಾನು ಮಂಟಪದಲ್ಲಿ ನಿಂತಿದ್ದರೂ ಮನಸ್ಸು ಉಗ್ರಾಣದಲ್ಲಿತ್ತು. ಇದನ್ನು ಇವತ್ತಿಗೂ ನಾನು ಮರೆತಿಲ್ಲ.

ಮದುವೆಗೆ ಒಟ್ಟು ಮೂರು ಲಕ್ಷ ಕೈಸಾಲ ಮಾಡಿದ್ದೆ, ನೂರಕ್ಕೆ ಮೂರು. ತಿಂಗಳಿಗೆ ಒಂಬತ್ತು ಸಾವಿರ ಬಡ್ಡಿ. ಮೂರು ವರ್ಷಕ್ಕೆ ಮೂರು ಲಕ್ಷದ ಇಪ್ಪತ್ನಾಲ್ಕು ಸಾವಿರ. ಅಸಲನ್ನು ಬಡ್ಡಿ ದಾಟಿ ಹೋಯಿತು. 2015ರಲ್ಲಿ ಹುಣಸೆಮರದ ಪಕ್ಕದ ಮುಕ್ಕಾಲು ಎಕರೆ ಮಾರಿ ಋಣ ಹರಿದುಕೊಂಡೆ. ಆ ಮರ ನಮ್ಮಜ್ಜಿ ನೀರು ಹುಯ್ದು ಬೆಳೆಸಿದ್ದು. ಮರದ ಕೆಳಗಿನ ನೆಲ ಈಗ ಬೇರೆಯವರದ್ದು. ಮಗಳು ತವರಿಗೆ ಬಂದಾಗ ಆ ಕಡೆ ನೋಡದೆ ನಡೆದು ಹೋಗುತ್ತಾಳೆ. ತನ್ನ ಮದುವೆಯಿಂದ ಹೋಯಿತು ಅಂದುಕೊಂಡಿದ್ದಾಳೆ. ಮದುವೆಯಿಂದ ಅಲ್ಲಮ್ಮ, ಅಪ್ಪನ ಐನೂರು ಕಾರ್ಡಿನಿಂದ ಅಂತ ಹೇಳಿದ್ದೇನೆ. ನಂಬಿದಳೋ ಇಲ್ಲವೋ.

ನನ್ನ ಕಥೆ ಹಳೆಯದು ಅನ್ನಬಹುದು. ಈಚಿನ ಬೆಲೆಯಲ್ಲೇ ಲೆಕ್ಕ ಹಾಕೋಣ. ಕಾರ್ಡಿಗೆ ಹದಿನೈದು ರೂಪಾಯಿ ಇಟ್ಟುಕೊಳ್ಳಿ, ಎಲೆಗೆ ನೂರೈವತ್ತು. ಹೆಚ್ಚಿಗೆ ಹಾಕಿಸಿದ ಐನೂರು ಕಾರ್ಡಿಗೆ 7,500, ಅದರಿಂದ ಬರುವ ಸಾವಿರ ಎಲೆಗೆ 1,50,000. ಒಟ್ಟು 1,57,500 ರೂಪಾಯಿ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ರಾಗಿಗೆ ಕಟ್ಟಿದ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ. ಭಾಗಿಸಿ ನೋಡಿ, 32 ಕ್ವಿಂಟಾಲು ರಾಗಿ. ಮಳೆ ಸರಿಯಾಗಿ ಬಂದು ಖುಷ್ಕಿಯಲ್ಲಿ ಎಕರೆಗೆ ಎಂಟು ಕ್ವಿಂಟಾಲು ಅಂದರೂ ನಾಲ್ಕು ಎಕರೆಯ ಪೂರಾ ಬೆಳೆ. ಅದೂ ಬೀಜ, ಗೊಬ್ಬರ, ಕಳೆ, ಕೊಯ್ಲು, ಒಕ್ಕಣೆ ಯಾವುದರ ಕೂಲಿಯನ್ನೂ ಕಳೆಯದೆ. ಬೆಂಬಲ ಬೆಲೆಯೇ ಸಿಕ್ಕಿತು ಅಂತ ಇಟ್ಟುಕೊಂಡು. ಅದು ಎಷ್ಟು ಜನಕ್ಕೆ ಸಿಕ್ಕುತ್ತೆ ಅನ್ನೋದು ಇಲ್ಲಿ ಕೂತಿರುವ ನಿಮಗೆ ನಾನು ಹೇಳಬೇಕಿಲ್ಲ.

ಇನ್ನೊಂದು ದಾರಿ ಇದೆ, ಬಹಳ ಜನ ಅದನ್ನೇ ಹಿಡೀತಾರೆ. ಸೊಸೈಟಿಯ ಬೆಳೆಸಾಲ ತಂದು ಮದುವೆಗೆ ಹಾಕೋದು. ಬಡ್ಡಿ ಇಲ್ಲವಲ್ಲ ಅಂತ. ಸಕಾಲಕ್ಕೆ ಕಟ್ಟಿದವನಿಗೆ ಮಾತ್ರ ಬಡ್ಡಿ ಇಲ್ಲ ಅನ್ನೋದನ್ನು ಮರೀತಾರೆ. ಸಾಲ ಊಟದ ಎಲೆಗೆ ಹೋದ ಮೇಲೆ ಬಿತ್ತನೆಗೆ ಮತ್ತೆ ಕೈಸಾಲ. ವಾಯಿದೆ ತಪ್ಪಿದರೆ ಸೊಸೈಟಿಯಲ್ಲಿ ಸುಸ್ತಿದಾರ. ಒಂದು ಮದುವೆಗೆ ಎರಡು ಸಾಲ.

ಇಷ್ಟೆಲ್ಲ ಕೇಳಿ ನೀವು ಒಂದು ಪ್ರಶ್ನೆ ಕೇಳಬೇಕು, ನ್ಯಾಯವಾದ ಪ್ರಶ್ನೆ. 'ಹಾಗಾದರೆ ಯಾರನ್ನು ಬಿಡೋಣ ಸ್ವಾಮಿ? ಊರಿನಲ್ಲಿ ಬಾಳೋದು ಬೇಡವೆ?' ನಿಜ. ಪೇಟೆಯವನು ಮದುವೆಗೆ ಕರೆಯದಿದ್ದರೆ ಎದುರು ಮನೆಯವನಿಗೆ ಗೊತ್ತೂ ಆಗೋದಿಲ್ಲ. ನಮ್ಮಲ್ಲಿ ಹಾಗಲ್ಲ. ನೀರಿನ ಸರದಿಗೆ, ಕಣದ ಕೆಲಸಕ್ಕೆ, ರಾತ್ರಿ ಹೊತ್ತು ಆಸ್ಪತ್ರೆಗೆ ಗಾಡಿ ಹೂಡೋಕೆ, ಕೊನೆಗೆ ಹೆಣ ಹೊರೋಕೆ ಅವರೇ ಬೇಕು. ಕಾರ್ಡಿನಲ್ಲಿ ದಾಯಾದಿಯ ಹೆಸರು ಬಿಟ್ಟಿತು ಅಂತ ಎರಡು ಮನೆ ಹದಿನೈದು ವರ್ಷ ಮಾತು ಬಿಟ್ಟದ್ದನ್ನು ನಾನೇ ಕಂಡಿದ್ದೇನೆ. ಹೆಸರು ಬಿಟ್ಟಿದ್ದು ಬೇಕಂತ ಅಲ್ಲ, ಪ್ರೂಫು ನೋಡುವಾಗ ಒಂದು ಸಾಲು ಹಾರಿಹೋಗಿತ್ತು. ಆದ್ದರಿಂದ ಕಾರ್ಡು ಬರೀ ಡಂಭ ಅಂತ ನಾನು ಹೇಳೋದಿಲ್ಲ.

ಮುಯ್ಯಿಯ ವಿಷಯವನ್ನೂ ಇಲ್ಲೇ ಹೇಳಬೇಕು. ಈಗ ಪೇಟೆಯ ಕಾರ್ಡು ನೋಡಿ ನಾವೂ 'ಆಶೀರ್ವಾದವೇ ಉಡುಗೊರೆ' ಅಂತ ಹಾಕಿಸೋಕೆ ಶುರುಮಾಡಿದ್ದೀವಿ. ಸಂಬಳ ಬರುವವನಿಗೆ ಅದು ಶೋಭೆ. ನಮ್ಮಲ್ಲಿ ಮುಯ್ಯಿ ಅನ್ನೋದು ಉಡುಗೊರೆ ಅಲ್ಲ. ಒಬ್ಬ ಅಕ್ಕಿ ತರುತ್ತಿದ್ದ, ಒಬ್ಬ ಬೆಲ್ಲ, ಒಬ್ಬ ತೆಂಗಿನಕಾಯಿ, ಇನ್ನೊಬ್ಬ ಹತ್ತು ರೂಪಾಯಿ. ಚಪ್ಪರದ ಬಾಗಿಲಲ್ಲಿ ಒಬ್ಬ ಪುಸ್ತಕ ಹಿಡಿದು ಬರೆದುಕೊಳ್ಳುತ್ತಿದ್ದ. ಅವರ ಮನೆಯ ಮದುವೆಗೆ ನಾವು ಅದನ್ನು ತೀರಿಸುತ್ತಿದ್ದೆವು. ಮುಯ್ಯಾಳು ಅಂತ ಗದ್ದೆ ಕೆಲಸಕ್ಕೆ ಹೋಗ್ತೀವಲ್ಲ, ಅದೇ ಧರ್ಮ. ಬಡ್ಡಿ ಇಲ್ಲದ ಸಾಲ, ಇಡೀ ಊರು ಸೇರಿ ಒಬ್ಬನಿಗೆ ಕೊಡುವ ಸಾಲ. ಅದನ್ನು ಒಂದು ಸಾಲಿನಲ್ಲಿ ಬೇಡ ಅಂದುಬಿಟ್ಟು, ನೂರಕ್ಕೆ ಮೂರರ ಸಾಲಕ್ಕೆ ಕೈ ಚಾಚೋದು ಯಾವ ಜಾಣತನ? ಉಳ್ಳವರು ಹಾಕಿಸಲಿ. ಮುಯ್ಯಿ ಮಾಡಿ ಬಂದವನು ಆ ಸಾಲು ಹಾಕಿಸುವ ಮುಂಚೆ ತನ್ನ ಮನೆಯ ಪುಸ್ತಕ ತೆಗೆದು ನೋಡಲಿ.

ಹಾಗಾದರೆ ಏನು ಮಾಡಬೇಕು? ನಾನು ಕಂಡುಕೊಂಡ ಕ್ರಮ ಹೇಳ್ತೀನಿ.

ಮೊದಲನೆಯದು, ಪಟ್ಟಿ ಮನೆಯಲ್ಲಿ, ಕಾರ್ಡು ಆಮೇಲೆ. ಒಂದು ನೋಟುಬುಕ್ಕು ತೆಗೆದುಕೊಂಡು ಗಂಡ ಹೆಂಡತಿ ಇಬ್ಬರೂ ಕೂರಿ. ಹೆಂಡತಿಯನ್ನು ಬಿಟ್ಟು ಕೂರಬೇಡಿ, ಯಾರ ಮನೆಯ ಯಾವ ಮದುವೆಗೆ ಹೋಗಿದ್ದೆವು ಅನ್ನೋದು ಅವರ ನೆನಪಿನಲ್ಲೇ ಇರೋದು. ಮೂರು ಕಾಲಮ್ಮು ಹಾಕಿ. ಮನೆಯ ಹೆಸರು, ಬರುವ ತಲೆ ಎಷ್ಟು, ಕರೆಯುವುದು ಕಾರ್ಡಿನಿಂದಲೋ ಬಾಯಿಂದಲೋ. ಊರೊಳಗಿನವರಿಗೆ ಕಾರ್ಡು ಯಾಕೆ? ಕುಂಕುಮ ಹಿಡಿದು ಹೋದರೆ ಅದರಷ್ಟು ಮರ್ಯಾದೆ ಇನ್ನೊಂದಿಲ್ಲ. ಕಾರ್ಡು ದೂರದವರಿಗೆ, ದಾರಿ ತಾರೀಖು ತಿಳಿಯಬೇಕಾದವರಿಗೆ. ಕೊನೆಯಲ್ಲಿ ತಲೆ ಕೂಡಿಸಿ, ಎಲೆಯ ಬೆಲೆಯಿಂದ ಗುಣಿಸಿ. ಬಂದ ಮೊತ್ತವನ್ನು ದಪ್ಪಕ್ಷರದಲ್ಲಿ ಬರೆದು, ಅದೇ ಪುಸ್ತಕ ಹಿಡಿದು ಪ್ರೆಸ್ಸಿಗೆ ಹೋಗಿ. ಅಲ್ಲಿ ಯಾರೇನು ಹೇಳಿದರೂ ಪಟ್ಟಿಯ ಮೇಲೆ ಇಪ್ಪತ್ತೈದಕ್ಕಿಂತ ಹೆಚ್ಚು ಹಾಕಿಸಬೇಡಿ.

ಎರಡನೆಯದು, ಒಕ್ಕಣೆ ನೀವೇ ಬರೆಯಿರಿ. ಕಷ್ಟದ ಕೆಲಸವೇನಲ್ಲ. ಈ ಥರ:

'ನಮ್ಮ ಮಗಳು ......, ಹಾಗೂ ...... ಊರಿನ ...... ಮತ್ತು ...... ಇವರ ಮಗ ......, ಇವರಿಬ್ಬರ ಮದುವೆ ...... ತಾರೀಖು ...... ವಾರ ಬೆಳಿಗ್ಗೆ ...... ಗಂಟೆಗೆ ನಮ್ಮ ಊರಿನ ...... ಮುಂದಿನ ಚಪ್ಪರದಲ್ಲಿ ನಡೆಯುತ್ತದೆ. ತಾವು ಬಂದು ಮಕ್ಕಳನ್ನು ಹರಸಿ, ನಮ್ಮೊಡನೆ ಊಟ ಮಾಡಬೇಕೆಂದು ಕೇಳಿಕೊಳ್ಳುತ್ತೇವೆ. ಊಟ ಹನ್ನೆರಡು ಗಂಟೆಯಿಂದ. ...... ಕ್ರಾಸಿನಲ್ಲಿ ಇಳಿದರೆ ನಡೆಯುವ ದಾರಿ. ಇಂತಿ ನಿಮ್ಮ, (ತಾಯಿಯ ಹೆಸರು), (ತಂದೆಯ ಹೆಸರು), ಊರು, ಫೋನು.'

ಇಷ್ಟು ಸಾಕು. ಒಂದು ಬದಿ, ಒಂದು ಬಣ್ಣ, ಗಟ್ಟಿ ಕಾರ್ಡು, ವಯಸ್ಸಾದವರು ಕನ್ನಡಕ ಇಲ್ಲದೆ ಓದುವಷ್ಟು ದಪ್ಪಕ್ಷರ. ದೇವರ ಪಟ ಬೇಡ ಅಂತ ನನ್ನ ಅಭಿಪ್ರಾಯ. ಭಕ್ತಿ ಇಲ್ಲ ಅಂತಲ್ಲ, ಮದುವೆಯಾದ ಮಾರನೇ ದಿನ ಅದೇ ಗಣಪತಿ ತಿಪ್ಪೆಯಲ್ಲಿ ಬಿದ್ದಿರೋದನ್ನು ನೋಡೋಕಾಗಲ್ಲ ಅಂತ. ಪಟಕ್ಕೆ ಬದಲು ಮೂಲೆಗೆ ಒಂದಿಷ್ಟು ಅರಿಶಿನ ಹಚ್ಚಿ, ಅದೇ ಲಕ್ಷಣ. ಶಾಸಕರು, ಅಧ್ಯಕ್ಷರು, ಮಾಜಿ ಅಧ್ಯಕ್ಷರು ಅಂತ ಅರ್ಧ ಕಾರ್ಡು ಪಟ್ಟಿ ಹಾಕಿಸೋದನ್ನೂ ಬಿಡಿ. ಅವರು ಬರೋದು ಐದು ನಿಮಿಷ, ಅವರ ಹಿಂದೆ ಬರೋರಿಗೆ ನೂರು ಎಲೆ.

ತಾಯಿಯ ಹೆಸರು ಅಂದೆ. ನಮ್ಮ ಕಾರ್ಡುಗಳನ್ನು ತೆಗೆದು ನೋಡಿ. 'ಶ್ರೀಮತಿ ಮತ್ತು ಶ್ರೀ' ಅಂತ ಹಾಕಿ ಆಮೇಲೆ ಗಂಡಸಿನ ಹೆಸರು ಒಂದೇ ಇರುತ್ತೆ. ಹೆತ್ತವಳು ಬರೀ ಶ್ರೀಮತಿ, ಹೆಸರಿಲ್ಲ. ನಾನು ಎಂಟು ವರ್ಷ ಜೋಡಿಸಿದ್ದೂ ಹಾಗೇ, ತಪ್ಪು ಅಂತ ಹೊಳೆದಿರಲೇ ಇಲ್ಲ. ನನ್ನ ಹೆಂಡತಿ ಒಂದು ದಿನ ದೊಡ್ಡ ಮಗಳ ಕಾರ್ಡು ಹಿಡಿದುಕೊಂಡು, 'ಇದರಲ್ಲಿ ನಾನು ಎಲ್ಲಿದ್ದೀನಿ?' ಅಂತ ಕೇಳಿದಳು. ಉತ್ತರ ಕೊಡೋಕಾಗಲಿಲ್ಲ.

ಮೂರನೆಯದು, ಹೆಸರು, ವಯಸ್ಸು, ತಾರೀಖು. ಹುಡುಗ ಹುಡುಗಿಯ ಹೆಸರು ಆಧಾರ್ ಕಾರ್ಡಿನಲ್ಲಿ ಹೇಗಿದೆಯೋ ಹಾಗೇ ಇರಲಿ. ಮನೆಯಲ್ಲಿ ಕರೆಯುವ ಹೆಸರು ಬೇಕಾದರೆ ಪಕ್ಕದಲ್ಲಿ ಹಾಕಿಸಿ. ನಮ್ಮ ರಾಜ್ಯದಲ್ಲಿ ಮದುವೆ ನೋಂದಣಿಗೆ 1976ರ ಕಾನೂನು ಇದೆ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಬೇರೆ ದಾಖಲೆಗಳ ಜೊತೆ ಲಗ್ನಪತ್ರಿಕೆಯನ್ನೂ ಕೇಳ್ತಾರೆ. ಅಲ್ಲಿ ಹೆಸರು ಒಂದು, ಇಲ್ಲಿ ಇನ್ನೊಂದು ಆದರೆ ಪ್ರಮಾಣಪತ್ರ ಮಾಡಿಸಿಕೊಂಡು ಅಲೆಯಬೇಕು. ನಾಳೆ ಪಡಿತರ ಚೀಟಿಗೆ, ಪಹಣಿಯಲ್ಲಿ ಹೆಸರು ಸೇರಿಸೋಕೆ, ದೇವರು ಹಾಗೆ ಮಾಡದಿರಲಿ, ಗಂಡ ತೀರಿಕೊಂಡರೆ ಹೆಣ್ಣುಮಗಳು ತನ್ನ ಹಕ್ಕು ಕೇಳೋಕೆ, ಆ ನೋಂದಣಿಯೇ ಆಧಾರ. ಒಂದೆರಡು ಕಾರ್ಡನ್ನು ದಾಖಲೆಗಳ ಜೊತೆ ಜೋಪಾನ ಮಾಡಿ ಇಡಿ.

ವಯಸ್ಸು ಹುಡುಗಿಗೆ 18, ಹುಡುಗನಿಗೆ 21 ತುಂಬಿರಲೇಬೇಕು. ಬಾಲ್ಯವಿವಾಹ ನಿಷೇಧ ಕಾನೂನು 2006ರದು. ನಮ್ಮ ರಾಜ್ಯ 2016ರಲ್ಲಿ ಅದಕ್ಕೆ ತಿದ್ದುಪಡಿ ತಂದ ಮೇಲೆ ಅಂಥ ಮದುವೆ ಮೊದಲಿನಿಂದಲೇ ಅಸಿಂಧು. ಅಂದರೆ ನೀವು ಸಾಲ ಮಾಡಿ ಸಾವಿರ ಎಲೆ ಹಾಕಿದರೂ ಕಾನೂನಿನ ಲೆಕ್ಕದಲ್ಲಿ ಮದುವೆಯೇ ನಡೆದಿಲ್ಲ. ಕಾರ್ಡು ಅಚ್ಚು ಹಾಕುವ ಮುಂಚೆ ವಯಸ್ಸಿನ ದಾಖಲೆ ನೋಡಿ ಅಂತ ಹಲವು ಜಿಲ್ಲೆಗಳ ಅಧಿಕಾರಿಗಳು ಪ್ರೆಸ್ಸಿನವರಿಗೆ ಸೂಚನೆ ಕೊಟ್ಟಿದ್ದಾರೆ. ಅವರು ಕೇಳಿದರೆ ಸಿಟ್ಟಾಗಬೇಡಿ. ಕೇಳದಿದ್ದರೆ ನೀವೇ ತೋರಿಸಿ.

ತಾರೀಖಿನ ವಿಷಯ. ಸಂವತ್ಸರ ಹಾಕಿಸೋದಾದರೆ ಪಂಚಾಂಗ ನೋಡಿ ಹಾಕಿಸಿ, ಹಳೇ ಕಾರ್ಡು ನೋಡಿ ಅಲ್ಲ. ವಿಶ್ವಾವಸು ಸಂವತ್ಸರ, ಶಾಲಿವಾಹನ ಶಕ 1947, ಶುರುವಾದದ್ದು 2025ರ ಯುಗಾದಿಗೆ. ಪ್ರೆಸ್ಸಿನಲ್ಲಿ ಹಳೆಯ ಫಾರಂ ಮೇಲೆ ಹೊಸ ಹೆಸರು ಕೂರಿಸುವುದರಿಂದ ಹೋದ ವರ್ಷದ ಸಂವತ್ಸರ ಹಾಗೇ ಉಳಿಯೋದು ತೀರ ಸಾಮಾನ್ಯ. ಪ್ರೂಫು ಬಂದಾಗ ಒಬ್ಬರೇ ಓದಬೇಡಿ. ಒಬ್ಬರು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ನೋಟುಬುಕ್ಕಿನ ಮೇಲೆ ಬೆರಳಿಟ್ಟು ನೋಡಲಿ. ತಾರೀಖು ಮತ್ತು ವಾರ ಎರಡೂ ತಾಳೆಯಾಗುತ್ತದೆಯೇ ಅಂತ ಕ್ಯಾಲೆಂಡರಿನಲ್ಲಿ ಒತ್ತಿ ನೋಡಿ. ಕಂಪ್ಯೂಟರಿನಲ್ಲಿ ಒಂದು ಲಿಪಿಯಿಂದ ಇನ್ನೊಂದಕ್ಕೆ ತಿರುಗಿಸುವಾಗ ಒತ್ತಕ್ಷರ ಕೆಡುತ್ತವೆ, ಅರ್ಕಾವತ್ತು ಹಾರಿಹೋಗುತ್ತದೆ. ಹೆಸರುಗಳ ಮೇಲೆ ಕಣ್ಣಿಡಿ. ಹೆಸರು ಬಿಟ್ಟರೆ ಹದಿನೈದು ವರ್ಷದ ಮುನಿಸು ಅಂತ ಆಗಲೇ ಹೇಳಿದೆ.

ಈಗಿನ ಹುಡುಗರು ಇದನ್ನೆಲ್ಲ ಕೇಳಿ ನಗ್ತಾರೆ. 'ಕಾರ್ಡೇ ಬೇಡ ಕಣಜ್ಜ, ವಾಟ್ಸಾಪಿನಲ್ಲಿ ಹಾಕಿದರೆ ಒಂದು ಪೈಸೆ ಖರ್ಚಿಲ್ಲ' ಅಂತಾರೆ. ಸರಿಯೇ. ದೂರದವರಿಗೆ ಒಬ್ಬೊಬ್ಬರಿಗೆ ಕಳಿಸಿ, ಜೊತೆಗೆ ಫೋನು ಮಾಡಿ ಬಾಯಲ್ಲಿ ಕರೆಯಿರಿ. ಗುಂಪಿಗೆ ಮಾತ್ರ ಹಾಕಬೇಡಿ. ಪ್ರೆಸ್ಸಿನಲ್ಲಿ ಕೊನೆಯ ಕಾರ್ಡು ಅಗ್ಗ ಅಂದೆನಲ್ಲ, ಫೋನಿನಲ್ಲಿ ಅದು ಪುಕ್ಕಟೆ. ಪುಕ್ಕಟೆಯಾದದ್ದಕ್ಕೆ ಲೆಕ್ಕವೇ ಇರೋದಿಲ್ಲ. ಇನ್ನೂರೈವತ್ತು ಜನರ ಗುಂಪಿನಲ್ಲಿ ಕರೆದ ಮೇಲೆ ಯಾರು ಬರುತ್ತಾರೆ ಅಂತ ಎಲೆ ಲೆಕ್ಕ ಹಾಕ್ತೀರಿ? ನಿಜವಾಗಿ ಬರಬೇಕಾದವರು, ಗುಂಪಿನಲ್ಲಿ ಕರೆದರು, ನನ್ನನ್ನು ಕರೆಯಲಿಲ್ಲ ಅಂತ ಉಳಿದುಬಿಡ್ತಾರೆ.

ಇನ್ನೊಂದು ಎಚ್ಚರಿಕೆ. 2024ರಿಂದೀಚೆಗೆ ಮದುವೆಯ ಕರೆಯೋಲೆಯ ನೆಪದಲ್ಲಿ ಕಳ್ಳರು ಫೋನಿಗೆ 'ಎ.ಪಿ.ಕೆ.' ಅಂತ ಕೊನೆಯಾಗುವ ಕಡತ ಕಳಿಸೋದು ನಡೆದಿದೆ, ಪೊಲೀಸರೂ ಎಚ್ಚರಿಸಿದ್ದಾರೆ. ಅದನ್ನು ಒತ್ತಿ ಹಾಕಿಕೊಂಡರೆ ನಿಮ್ಮ ಫೋನಿನ ಗುಟ್ಟೆಲ್ಲ ಅವರ ಕೈಗೆ ಹೋಗಿ ಬ್ಯಾಂಕಿನ ಹಣ ಖಾಲಿ. ಕರೆಯೋಲೆ ಅಂದರೆ ಚಿತ್ರ ಇರಬೇಕು ಇಲ್ಲ ಬರಹ ಇರಬೇಕು. ಗುರುತಿಲ್ಲದ ನಂಬರಿನಿಂದ ಬಂದ ಮದುವೆಗೆ ಹೋಗದಿದ್ದರೆ ಯಾರೂ ಮುನಿಸಿಕೊಳ್ಳೋದಿಲ್ಲ.

ಸರಳವಾಗಿ ಮದುವೆ ಮಾಡೋದು ನಮ್ಮ ನಾಡಿಗೆ ಹೊಸದಲ್ಲ. 1966ರಲ್ಲಿ ಕುವೆಂಪು ಅವರು ಮಗ ತೇಜಸ್ವಿಯವರ ಮದುವೆಯನ್ನು ತಾವೇ ರೂಪಿಸಿದ ಮಂತ್ರಮಾಂಗಲ್ಯದ ಕ್ರಮದಲ್ಲಿ ಆಡಂಬರವಿಲ್ಲದೆ ನಡೆಸಿದರು. ಅವರಿಗೆ ಕರೆಯೋಕೆ ಜನ ಇರಲಿಲ್ಲವೆ? ಇಡೀ ನಾಡೇ ಇತ್ತು. ಆಮೇಲೆ ನಮ್ಮ ರೈತ ಚಳವಳಿಯ ಅನೇಕ ಮನೆಗಳಲ್ಲೂ ಅದೇ ಕ್ರಮದಲ್ಲಿ ಮದುವೆಗಳಾದವು. ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ವಿವಾಹ ನಡೆದುಬಂದಿದೆ. 2020ರಲ್ಲಿ ಕೊರೋನಾ ಬಂದಾಗ ಮದುವೆಗೆ ಐವತ್ತು ಜನ ಮೀರಬಾರದು ಅಂತ ಸರ್ಕಾರ ಅಪ್ಪಣೆ ಮಾಡಿತು. ಆಗ ಮದುವೆಯಾದವರೂ ಚೆನ್ನಾಗಿಯೇ ಸಂಸಾರ ಮಾಡುತ್ತಿದ್ದಾರೆ. ರೋಗ ಹೇಳಿದರೆ ಕೇಳುವ ನಾವು ನಮ್ಮ ಪಹಣಿ ಹೇಳಿದರೆ ಕೇಳಬಾರದೆ?

ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು 2010ರ ದಶಕದ ಆರಂಭದಲ್ಲಿ ಬೆಂಗಳೂರಿನ ಕಲ್ಯಾಣ ಮಂಟಪಗಳನ್ನು ನೋಡಿ ಒಂದು ಲೆಕ್ಕ ತೆಗೆದಿದ್ದರು. ಮದುವೆಗಳಲ್ಲಿ ವರ್ಷಕ್ಕೆ 943 ಟನ್ ಒಳ್ಳೆಯ ಆಹಾರ ಪೋಲಾಗುತ್ತದೆ ಅಂತ. ಅದು ಒಂದು ನಗರದ ಮಾತು. ಆ ಅಕ್ಕಿ, ಬೇಳೆ, ತರಕಾರಿ ಬೆಳೆದವರು ಯಾರು? ನಾವೇ. ಬೆಳೆದಾಗ ಬೆಲೆ ಇಲ್ಲ ಅಂತ ಅಳ್ತೀವಿ, ನಮ್ಮದೇ ಚಪ್ಪರದ ಹಿಂದೆ ಅದನ್ನೇ ಗುಂಡಿಗೆ ಸುರೀತೀವಿ.

2019ರಲ್ಲಿ ಚಿಕ್ಕ ಮಗಳ ಮದುವೆ ಮಾಡಿದೆ. ಪಟ್ಟಿಯಲ್ಲಿ 240 ಮನೆ ಕಾರ್ಡಿಗೆ, ಊರೊಳಗೆ ಕುಂಕುಮ. 260 ಹಾಕಿಸಿದೆ. ಮೇಲೆ ಹೇಳಿದ ಒಕ್ಕಣೆ, ಹೆಂಡತಿಯ ಹೆಸರು ಮೊದಲು. ಮನೆ ಮುಂದೆ ಚಪ್ಪರ. ಬಿದ್ದದ್ದು 900 ಎಲೆ. ಮುಯ್ಯಿ ಪುಸ್ತಕದಲ್ಲಿ ಬಂದದ್ದರಿಂದ ಅಂಗಡಿಯ ಬಾಕಿ ತೀರಿತು. ಸಾಲ ಆಗಲಿಲ್ಲ ಅಂತ ಸುಳ್ಳು ಹೇಳಲಾರೆ, ನಲವತ್ತು ಸಾವಿರ ಆಯಿತು, ಮುಂದಿನ ರಾಗಿಗೆ ತೀರಿತು. ಎಲ್ಲರೂ ಮೆಚ್ಚಿದರು ಅಂತಲೂ ಹೇಳೋದಿಲ್ಲ. ಬೀಗರ ಕಡೆಯ ಒಬ್ಬರು ಕಾರ್ಡು ತಿರುಗಿಸಿ ನೋಡಿ, 'ಇದೇನು ಸೊಸೈಟಿ ನೋಟೀಸಿನ ಹಾಗಿದೆಯಲ್ಲ' ಅಂದರು. ಇನ್ನೂ ಇಬ್ಬರು ನನ್ನ ಜೊತೆ ಸರಿಯಾಗಿ ಮಾತಾಡೋದಿಲ್ಲ. ಅದು ನನಗೆ ನೋವೇ. ಆದರೆ ಧಾರೆಯ ಹೊತ್ತಿನಲ್ಲಿ ನಾನು ಮಗಳ ಮುಖ ನೋಡುತ್ತಾ ನಿಂತಿದ್ದೆ, ಉಗ್ರಾಣದ ಯೋಚನೆ ಇರಲಿಲ್ಲ.

ಬಂಧುಗಳೇ, ರಾಗಿಯ ಬೆಲೆ ದೆಹಲಿಯಲ್ಲಿ ಬರೀತಾರೆ. ಟೊಮ್ಯಾಟೊ ಬೆಲೆ ಮಂಡಿಯವನು ಬರೀತಾನೆ. ಗೊಬ್ಬರದ ಬೆಲೆ ಕಂಪನಿಯವನು, ಬಡ್ಡಿಯ ದರ ಸಾಹುಕಾರ. ಅವುಗಳ ವಿರುದ್ಧ ಹೋರಾಡೋಕೆ ನಾವು ಸೇರಿದ್ದೇವೆ, ಹೋರಾಡೋಣ. ನಮ್ಮ ಕೈಯಲ್ಲೇ ನಾವು ಬರೆಯುವ ಅಂಕಿ ಬಹಳ ಇಲ್ಲ. ಎಷ್ಟು ಕಾರ್ಡು ಹಾಕಿಸಬೇಕು ಅನ್ನೋದು ಅದರಲ್ಲೊಂದು. ಈ ವರ್ಷ ನಿಮ್ಮ ಮನೆಯಲ್ಲಿ ಮದುವೆ ಇದ್ದರೆ, ಇವತ್ತು ರಾತ್ರಿಯೇ ಒಂದು ನೋಟುಬುಕ್ಕು ತೆಗೆದು ಮೊದಲ ಹೆಸರು ಬರೆಯಿರಿ. ಪ್ರೆಸ್ಸಿಗೆ ಆಮೇಲೆ ಹೋದರಾಯಿತು.